ಕೈಗೊಪ್ಪುವಂಥದು

ಎಲ್ಕೋ ಊರಿನಾಚೆ, ಟೈರಿನಂಗಡಿಯ ಪಕ್ಕ
ಬಂದೂಕು ಮಾರುವ ಅಂಗಡಿ.
ಒಳಗೆ ಎಣ್ಣೆಯ ವಾಸನೆ, ಕುದಿದು ಕಹಿಯಾದ ಕಾಫಿಯ ವಾಸನೆ,
ಗೋಡೆಯಲ್ಲೊಂದು ಜಿಂಕೆಯ ತಲೆ,
ಅದರ ಕೊಂಬಿಗೆ ಯಾರೋ ಸಿಕ್ಕಿಸಿ ಮರೆತ ಓದುವ ಕನ್ನಡಕ.

ಅಮಾ ಕೈಚೀಲವನ್ನು ಗಾಜಿನ ಮೇಲಿಟ್ಟು
"ನನಗೊಂದು ಪಿಸ್ತೂಲು ಬೇಕು" ಅಂದಳು,
ಎರಡು ಮೊಳ ಲೇಸು ಕೇಳುವವಳ ಹಾಗೆ.
ಎಂಬತ್ತೊಂದು ಅವಳಿಗೆ. ಐವತ್ತೇಳು ನನಗೆ.

ಮುದುಕಿ ಅಂದಕೂಡಲೆ ಅಂಗಡಿಯ ರಾಸ್ಕೋ
ಗುಲಾಬಿ ಹಿಡಿಕೆಯದೊಂದನ್ನು ತೆಗೆದ, ಅಂಗೈಯಷ್ಟರದು:
"ಹಗುರ. ಚೀಲದಲ್ಲಿ ಇದ್ದದ್ದೇ ಗೊತ್ತಾಗಲ್ಲ."
ನಾನು ಓದಿಕೊಂಡು ಬಂದಿದ್ದೆ,
ಹಗುರವಾದಷ್ಟೂ ಒದೆತ ಜೋರು, ಕತ್ತೆಮರಿಯ ಹಾಗೆ.
ಹೇಳಿದೆ. "ಕತ್ತೆಗಳನ್ನು ನಾನು ಬಲ್ಲೆ" ಅಂದಳು.

ಮೇಲಿನ ತಗಡನ್ನು ಹಿಂದಕ್ಕೆಳೆಯಬೇಕು, ಹೀಗೆ.
ಅವನ ಕೈಯಲ್ಲಿ ಬೆಣ್ಣೆಯಲ್ಲಿ ಚಾಕು.
ಅಮಾ ಎಳೆದಳು. ಎದೆಗವುಚಿ ಎಳೆದಳು.
ಮೊಣಕೈ ನಡುಗಿತು, ತಗಡು ನಡುಗಲಿಲ್ಲ.

ಇದೇ ಕೈ,
ಕುರಿಗಾಹಿಗಳ ಊಟದ ಮನೆಯಲ್ಲಿ ನಲವತ್ತು ವರ್ಷ
ಬೆಳಗಾಗುವ ಮೊದಲೇ ಮೂವತ್ತು ಸೇರು ಹಿಟ್ಟು ನಾದಿದ್ದು.
ಅಡ್ಡ ತಿರುಗಿದ ಮರಿಯನ್ನು ಹಿಮದ ರಾತ್ರಿ
ತಾಯೊಳಗೆ ಕೈಯಿಟ್ಟು ತಿರುಗಿಸಿ ಹೊರಗೆ ತಂದದ್ದು.
ಈಗ ಹಸಿಶುಂಠಿಯ ಕೊಂಬು, ಬೆರಳಿಗೊಂದು ದಿಕ್ಕು.

ಕತ್ತೆಯಾಯಿತು, ಇನ್ನು ಕುದುರೆ.
ರಿವಾಲ್ವರಿನ ಕುದುರೆಗೆ ಒಂದು ಬೆರಳು ಸಾಲದೆ
ಎರಡು ಬೆರಳು ತೂರಿಸಿದಳು.
ಮೂತಿ ಜಿಂಕೆಯಿಂದ ಕ್ಯಾಲೆಂಡರಿಗೆ, ಕ್ಯಾಲೆಂಡರಿನಿಂದ ನೆಲಕ್ಕೆ
ಅಲೆದು ಸುಸ್ತಾಗಿ ನಿಂತಿತು.

"ಯಾತಕ್ಕೆ ಬೇಕಮ್ಮ ನಿಮಗೆ?" ರಾಸ್ಕೋ ಮೆತ್ತಗೆ ಕೇಳಿದ.
"ಕೋಳಿಗೂಡಿಗೆ ತೋಳನ ಕಾಟ."
ಪಕ್ಕದ ಮನೆಯ ಒಡೀಲಿಗೆ ಹೇಳಿದ್ದು, ಕಳ್ಳರು.
ಪಾದ್ರಿಗೆ ಹೇಳಿದ್ದು, ಹಾವು.
ನನಗೆ ಏನೂ ಹೇಳಿರಲಿಲ್ಲ.

ಅವನು ಹಿಂದಿನ ಕೋಣೆಗೆ ಹೋಗಿ
ಬಟ್ಟೆ ಸುತ್ತಿದ ಹಳೆಯದೊಂದನ್ನು ತಂದ, ಇಪ್ಪತ್ತೆರಡರದು.
ಗುಂಡಿ ಒತ್ತಿದರೆ ನಳಿಗೆ ತಾನೇ ಮೇಲೇಳುತ್ತದೆ,
ಎಳೆಯುವುದಿಲ್ಲ, ಜಗ್ಗುವುದಿಲ್ಲ,
ಈರುಳ್ಳಿಗೆ ಲವಂಗ ಚುಚ್ಚಿದಂತೆ
ಒಂದು ಗುಂಡಿಟ್ಟು ಮುಚ್ಚಿದರಾಯಿತು.
ಅಮಾ ಇಟ್ಟಳು, ಮುಚ್ಚಿದಳು, ತೆರೆದಳು.
ಹೊಸ ಒಲೆ ಕೊಳ್ಳುವಾಗ ಹೀಗೇ ಮಾಡಿದ್ದಳು.

ಆಮೇಲೆ ಗುಲಾಬಿಯದನ್ನು ನನ್ನತ್ತ ತಳ್ಳಿ
"ನೀನೊಮ್ಮೆ ಎಳೆ."
ಎಳೆದೆ. ಅರ್ಧಕ್ಕೆ ಬಂದು ಜಾರಿತು, ಉಗುರು ಮುರಿಯಿತು.
ಅವಳು ನನ್ನ ಕೈ ಹಿಡಿದು, ಮಗುಚಿ,
ತೋರುಬೆರಳಿನ ತುದಿಗೆಣ್ಣನ್ನು ಒತ್ತಿ ನೋಡಿದಳು,
ಹಣ್ಣು ಒತ್ತಿ ನೋಡುವ ಹಾಗೆ.
"ಶುರುವಾಗಿದೆ ನಿನಗೂ."
ಪಿರನೀಸ್ ಬೆಟ್ಟ ಇಳಿದು ಹಡಗು ಹತ್ತಿದ ಅಜ್ಜಿ
ಬರಿಗೈಯಲ್ಲಿ ಬಂದಳು ಅನ್ನುತ್ತಿದ್ದರು. ಸುಳ್ಳು.
ಇದ್ದ ಗಂಟನ್ನು ಬೆರಳಲ್ಲೇ ಕಟ್ಟಿಕೊಂಡು ತಂದಿದ್ದಳು.

ಫಾರಮು ತುಂಬಿದ್ದು, ರಾಸ್ಕೋ ಫೋನು ಮಾಡಿ ಕಾದದ್ದು,
ಗ್ರಾಸಿಯಾನ ಎಂಬ ಹೆಸರು ಗೆರೆ ಬಿಟ್ಟು ಮೇಲೆ ಹತ್ತಿದ್ದು,
ಮೊಟ್ಟೆ ಮಾರಿದ ಲಕೋಟೆಯಿಂದ ನೋಟುಗಳು.
ಜೊತೆಗೊಂದು ಉಕ್ಕಿನ ಡಬ್ಬಿ, ಬೀಗ.

ಕಾರಿನಲ್ಲಿ ನಾನು ಬರೀ ಕಂಬ ಎಣಿಸಿದೆ.
ಮಾರ್ಚಿನಲ್ಲಿ ಅಪ್ಪ ಹೋದ.
ಅವನ ಬಟ್ಟಲನ್ನು ಇಂದಿಗೂ ದಿನಾ ತೊಳೆದು
ಅದೇ ಮೊಳೆಗೆ ತೂಗುಹಾಕುತ್ತಾಳೆ.
ಕೇಳಬೇಕಾದ್ದು ಬಾಯಲ್ಲಿ ಬಿಸಿ ಆಲೂಗಡ್ಡೆಯಂತೆ,
ನುಂಗಲಾರೆ, ಉಗುಳಲಾರೆ.

ಕೆಂಪು ದೀಪಕ್ಕೆ ನಿಂತಾಗ ಅವಳೇ ಅಂದಳು:
"ಅದಕ್ಕಾಗಿದ್ದರೆ ನಿನ್ನ ಕರಕೊಂಡು ಬರುತ್ತಿದ್ದೆನೇ?"
"ಯಾವುದಕ್ಕೆ?"
"ನೀನು ಕೇಳದೇ ಇದ್ದೀಯಲ್ಲ, ಅದಕ್ಕೆ."

ಹಸಿರು ಬಂದದ್ದು ಹಿಂದಿನ ಟ್ರಕ್ಕು ಬೊಬ್ಬಿಟ್ಟಾಗಲೇ ತಿಳಿದದ್ದು.
ಈಸ್ಟು ಮುಗಿದಿದೆ, ಅಂಗಡಿಯ ಹತ್ತಿರ ನಿಲ್ಲಿಸು ಅಂದಳು.
ನಿಲ್ಲಿಸಿದೆ. ಇಳಿದು ಹೋದಳು, ಚೀಲ ಹೆಗಲಿಗೇರಿಸಿ.
ಬೀಗಕ್ಕೆ ಎರಡು ಕೀಲಿ ಕೊಟ್ಟಿದ್ದ ರಾಸ್ಕೋ, ಒಂದೇ ತಂತಿಗೆ ಪೋಣಿಸಿ.
ಎರಡೂ ಆ ಚೀಲದಲ್ಲಿ ಸದ್ದು ಮಾಡುತ್ತ ಹೋದವು.